ಡಬ್ಬಿ ಮೇಲೆ 1000, ಕಂಪ್ಯೂಟರಿನಲ್ಲಿ 112: ಒಂದು ಸ್ವಿಚ್ ಕೊಂಡ ಕಥೆ

ತುಮಕೂರಿನ ಎಸ್‌.ಎಸ್‌. ಪುರಂನಲ್ಲಿ ನಮ್ಮ ಮನೆಯ ಮಹಡಿ ರೂಮೇ ನನ್ನ ಸ್ಟುಡಿಯೊ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಕ್ಯಾಮೆರಾದ ಕಾರ್ಡುಗಳನ್ನು ತಮ್ಮ ಕೆಳಗಿನ ಕಂಪ್ಯೂಟರಿಗೆ ಹಾಕುತ್ತಾನೆ. ಅಲ್ಲಿಂದ ಕೇಬಲ್ಲಿನಲ್ಲಿ ಮೇಲಕ್ಕೆ ಎಳೆದುಕೊಳ್ಳುವುದು ನಾನು. ಹೋದ ಸೀಸನ್ನಿನಲ್ಲಿ ಗುಬ್ಬಿ ಕಡೆಯದೊಂದು ಮದುವೆ, ಎರಡು ಕ್ಯಾಮೆರಾ ಸೇರಿ 120 ಜಿಬಿ. ಕಾಪಿಗೆ ಹಾಕಿದರೆ ಸೆಕೆಂಡಿಗೆ 11.3 ಎಂಬಿ, ಅದಕ್ಕಿಂತ ಮೇಲೆ ಏಳಲೇ ಇಲ್ಲ. ಒಟ್ಟು ಮೂರು ಗಂಟೆಯ ಕೆಲಸ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ಕಾಲು ಭಾಗ ಮುಗಿದಿರಲಿಲ್ಲ.

ನಡುವೆ ಇರುವುದು ನೆಟ್‌ವರ್ಕ್ ಸ್ವಿಚ್, ಅಂದರೆ ಕಂಪ್ಯೂಟರುಗಳ ಕೇಬಲ್ಲುಗಳನ್ನು ಒಂದಕ್ಕೊಂದು ಸೇರಿಸುವ ಪುಟ್ಟ ಪೆಟ್ಟಿಗೆ. ನಮ್ಮ ಹಳೆಯ ಸ್ವಿಚ್ಚಿನ ಮೇಲೆ 100 ಅಂತ ಬರೆದಿತ್ತು. ನಾನು ಅದನ್ನು ನೂರು ಎಂಬಿ ಅಂತಲೇ ಓದಿಕೊಂಡಿದ್ದೆ. ಅಂಗಡಿಯಲ್ಲೂ ಹಾಗೇ ಹೇಳುತ್ತಾರೆ, ಅಲ್ವಾ? "ನೂರು ಎಂಬಿ ಸ್ವಿಚ್ ಮೇಡಂ, ಸಾಕಾಗುತ್ತೆ." ಎಡವಟ್ಟು ಇರುವುದು ಬಿ ಅಕ್ಷರದಲ್ಲಿ. ಚಿಕ್ಕ ಬಿ ಅಂದರೆ ಬಿಟ್, ದೊಡ್ಡ ಬಿ ಅಂದರೆ ಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ನಮ್ಮಜ್ಜಿ ರಾಗಿ ಅಳೆಯುತ್ತಿದ್ದುದು ನೆನಪಾಯಿತು. ನಾಲ್ಕು ಪಾವಿಗೆ ಒಂದು ಸೇರು, ಅಂದರೆ ಎಂಟು ಅರೆಪಾವಿಗೆ ಒಂದು ಸೇರು. ಡಬ್ಬಿಯ ಮೇಲೆ ಅರೆಪಾವಿನ ಲೆಕ್ಕ ಬರೆದಿರುತ್ತಾರೆ, ಕಂಪ್ಯೂಟರು ಸೇರಿನಲ್ಲಿ ಅಳೆದು ತೋರಿಸುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ 12.5 ಎಂಬಿ. ನನಗೆ ಬರುತ್ತಿದ್ದ 11.3ಕ್ಕೆ ಪಾಪ ಆ ಸ್ವಿಚ್ಚನ್ನು ಬೈದು ಪ್ರಯೋಜನವಿರಲಿಲ್ಲ.

ಐದು ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿ) ಗಿಗಾಬಿಟ್, ಅಂದರೆ 1000 ಮೆಗಾಬಿಟ್ಟಿನ ಸ್ವಿಚ್ ತಂದೆ. ಬೆಲೆ ಸಾವಿರದ ಆಸುಪಾಸು. ಕಂಪನಿ ಹೆಸರು ಹೇಳುವುದಿಲ್ಲ, ಈ ಬೆಲೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಡಬ್ಬಿಯ ಮೇಲೆ 10 ಗಿಗಾಬಿಟ್ ಅಂತಲೂ ಇತ್ತು. ಒಂದು ಕ್ಷಣ ಖುಷಿಯಾಯಿತು. ಆಮೇಲೆ ನೋಡಿದರೆ ಐದು ಪೋರ್ಟು, ಹೋಗುವುದು ಒಂದು, ಬರುವುದು ಒಂದು, ಎಲ್ಲ ಕೂಡಿಸಿ ಹತ್ತು! ಸಂತೆಗೆ ಹೋಗುವ ದಾರಿಯನ್ನೂ ವಾಪಸ್ ಬರುವ ದಾರಿಯನ್ನೂ ಕೂಡಿಸಿ ಊರು ಇಷ್ಟು ದೂರ ಅಂದಂತಾಯಿತು. ಒಂದು ಫೈಲಿಗೆ ಸಿಗುವುದು 1000 ಮೆಗಾಬಿಟ್ಟೇ, ಅಂದರೆ 125 ಎಂಬಿ.

ಹಾಕಿ ನೋಡಿದೆ. ಮತ್ತದೇ 11.3.

ತಮ್ಮ ಸ್ವಿಚ್ ವಾಪಸ್ ಕೊಡೋಣ ಅಂದ. ನಾನು ಸುಮ್ನೆ ವಿಂಡೋಸ್‌ನಲ್ಲಿ ಈಥರ್ನೆಟ್ (ಕೇಬಲ್ ಸಂಪರ್ಕ) ಸ್ಟೇಟಸ್ ತೆಗೆದು ನೋಡಿದೆ. ಸ್ಪೀಡ್ ಎಂಬಲ್ಲಿ 100 ಅಂತಲೇ ಇತ್ತು. ಅಂದರೆ ಎರಡೂ ಕಡೆ ಗಿಗಾಬಿಟ್ ಇದ್ದರೂ ನಡುವೆ ಯಾರೋ ಕೈ ಕೊಟ್ಟಿದ್ದಾರೆ. ಗೋಡೆಯ ಸಾಕೆಟ್ ಬಿಚ್ಚಿದೆ. ಕೇಬಲ್ಲಿನಲ್ಲಿ ಎಂಟು ತಂತಿ ಇರುತ್ತವೆ, ನಾಲ್ಕು ಜೋಡಿ. ನಮ್ಮ ಸಾಕೆಟ್ಟಿಗೆ ಬಂದಿದ್ದು ಕಿತ್ತಳೆ ಮತ್ತು ಹಸಿರು ಜೋಡಿ ಮಾತ್ರ. ನೀಲಿ ಮತ್ತು ಕಂದು ಜೋಡಿಯನ್ನು ಮನೆ ಕಟ್ಟಿದಾಗ ವೈರಿಂಗ್ ಮಾಡಿದವರು ಮೆಟ್ಟಿಲ ಹತ್ತಿರದ ಸಿಸಿ ಕ್ಯಾಮೆರಾಗೆ ತಿರುಗಿಸಿಬಿಟ್ಟಿದ್ದರು. ಎರಡು ಕೇಬಲ್ಲಿನ ದುಡ್ಡು ತೆಗೆದುಕೊಂಡು ಒಂದನ್ನೇ ಎಳೆದ ಪುಣ್ಯಾತ್ಮರು! 100ರ ಲಿಂಕಿಗೆ ಎರಡು ಜೋಡಿ ಸಾಕು, ಹಾಗಾಗಿ ಇಷ್ಟು ವರ್ಷ ಗೊತ್ತೇ ಆಗಲಿಲ್ಲ. 1999ರಲ್ಲಿ ಬಂದ ತಾಮ್ರದ ತಂತಿಯ ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, ಒಂದೊಂದು ಜೋಡಿ 250 ಮೆಗಾಬಿಟ್ ಹೊರುತ್ತದೆ. ನೀಲಿ ಅಥವಾ ಕಂದು ಜೋಡಿ ಇಲ್ಲದಿದ್ದರೆ ಸಾಮಾನ್ಯವಾಗಿ ಮೂಕ ಎತ್ತಿನ ಹಾಗೆ ಸದ್ದಿಲ್ಲದೆ 100ಕ್ಕೆ ಇಳಿದು ನಡೆಯುತ್ತದೆ. (ಎಂಟು ತಂತಿಗೂ ಎಂಟು ಬಿಟ್ಟಿಗೂ ಸಂಬಂಧವಿಲ್ಲ. ತಮ್ಮ ಕೇಳಿದ, ಅದಕ್ಕೆ ಹೇಳಿದೆ.)

ಎಂ.ಜಿ. ರೋಡ್ ಕಡೆಯಿಂದ ಒಬ್ಬ ಹುಡುಗನನ್ನು ಕರೆಸಿ ಗಿಗಾಬಿಟ್ ಹೊರುವ ಕ್ಯಾಟ್ 6 ದರ್ಜೆಯ ಕೇಬಲ್ 20 ಮೀಟರ್ ಹೊಸದಾಗಿ ಎಳೆಸಿದೆ. ಎರಡೂ ತುದಿ ಕ್ರಿಂಪ್ ಮಾಡಿ (ಪ್ಲಗ್ ಒತ್ತಿ ಕೂರಿಸಿ), ಟೆಸ್ಟರ್ ಇಟ್ಟು ಎಂಟೂ ದೀಪ ಹತ್ತಿದ್ದನ್ನು ತೋರಿಸಿಯೇ ಹೋದ. ನಿಮ್ಮ ಮನೆಯಲ್ಲೂ ಈ ದೀಪ ನೋಡದೆ ದುಡ್ಡು ಕೊಡಬೇಡಿ. ಆಮೇಲೆ ಅದೇ 120 ಜಿಬಿ ಮತ್ತೆ ಕಾಪಿ ಮಾಡಿದೆ. ಸೆಕೆಂಡಿಗೆ 112 ಎಂಬಿ. ಹದಿನೆಂಟು ಚಿಲ್ಲರೆ ನಿಮಿಷ. ಇಡ್ಲಿಗೆ ಹೋಗಲು ನೆಪವೇ ಉಳಿಯಲಿಲ್ಲ.

125 ಎಲ್ಲಿ ಹೋಯಿತು ಅಂತ ತಮ್ಮನ ಇನ್ನೊಂದು ತಕರಾರು. ಎರಡು ಕಡೆ ಕಡಿತ ಇದೆ. ಮಾಲು ತೂಗಿದ ಮೇಲೆ ಗೋಣಿಚೀಲದ ತೂಕ ಕಳೆಯುವುದಿಲ್ಲವೇ, ಇದೂ ಹಾಗೆ. ಫೈಲು ತಂತಿಯಲ್ಲಿ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನಲ್ಲಿ ನಮ್ಮ ವಿಡಿಯೊ 1460 ಬೈಟ್ ಮಾತ್ರ. ವಿಳಾಸ, ತಪಾಸಣೆ, ನಡುವಿನ ಜಾಗ ಎಲ್ಲ ಸೇರಿ ತಂತಿಯಲ್ಲಿ 1538 ಬೈಟಿನಷ್ಟು ಹೊತ್ತು ಹಿಡಿಯುತ್ತದೆ. ಅಲ್ಲಿಗೆ 125 ಇದ್ದದ್ದು 118ರ ಹತ್ತಿರ ಬಂತು. ಇನ್ನು ವಿಂಡೋಸ್ ಒಂದು ಎಂಬಿ ಅನ್ನುವುದು ಹತ್ತು ಲಕ್ಷ ಬೈಟಿಗಲ್ಲ, 10,48,576 ಬೈಟಿಗೆ. ದೊಡ್ಡ ಸೇರಿನಲ್ಲಿ ಅಳೆದರೆ ಸೇರಿನ ಎಣಿಕೆ ಕಡಿಮೆ ಬರುತ್ತದೆ. 112, 113 ಕಂಡರೆ ಸ್ವಿಚ್ ತನ್ನ ಕೆಲಸ ಪೂರ್ತಿ ಮಾಡುತ್ತಿದೆ ಅಂತಲೇ ಲೆಕ್ಕ. ತಲೆಯಲ್ಲೇ ಲೆಕ್ಕ ಹಾಕಬೇಕೆಂದರೆ ನಾನು ಎಂಟರ ಬದಲು ಒಂಬತ್ತರಿಂದ ಭಾಗಿಸುತ್ತೇನೆ, ವಿಂಡೋಸ್ ತೋರಿಸುವುದಕ್ಕೆ ಅದೇ ಹತ್ತಿರ.

ಇಂಟರ್ನೆಟ್ ವೇಗವಾಗಲಿ ಅಂತ ಇದನ್ನು ಕೊಳ್ಳಬೇಡಿ. ಪ್ಲಾನ್ 100ರದ್ದಾದರೆ ಡೌನ್‌ಲೋಡ್ ಹಳೆಯ ಹಾಗೇ ಇರುತ್ತದೆ. ಮನೆಯೊಳಗೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದೊಡ್ಡ ಫೈಲ್ ಸಾಗಿಸುವವರಿಗೆ ಮಾತ್ರ ಇದು ದಂಡ ಅಲ್ಲ.

ಸ್ವಿಚ್ಚಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ 10 ಗಿಗಾಬಿಟ್ ಬರಹಕ್ಕೆ, ಜೊತೆಗೆ ಅದು ಎಷ್ಟು ಹಗುರ ಅಂದರೆ ಬಿರುಸಾದ ಕೇಬಲ್ ಅದನ್ನೇ ಮೇಜಿನಿಂದ ಎತ್ತಿಬಿಡುತ್ತದೆ. ಡಬಲ್ ಟೇಪ್ ಹಾಕಿ ಅಂಟಿಸಿದ್ದೇನೆ. ಕ್ರಿಂಪ್ ಮಾಡಿದ ಹುಡುಗನಿಗೆ ಐದಕ್ಕೆ ಐದು. ಕ್ಯಾಮೆರಾಗೆ ಬೇರೆ ಕೇಬಲ್ ಎಳೆಯಲು ಭಾನುವಾರ ಮತ್ತೆ ಬರುತ್ತಾನೆ.