ಕಾಡು ಕೇಪಳ ಬೇಕಾದ್ರೆ ದೇವಿಮನೆ ಘಟ್ಟದ ಕೆಳಗಿನ ನರ್ಸರಿಗೆ ಹೋಗಿ (5ಕ್ಕೆ 4)

ಕಾರವಾರದ ಕಡೆ ನರ್ಸರೀಲಿ ಕೇಪಳ ಹೂವಿನ ಗಿಡ ಇದ್ಯಾ ಅಂತ ಕೇಳಿದ್ರೆ "ಇಕ್ಸೋರಾ ತಾನೇ, ಯಾವ ಕಲರ್?" ಅಂತ ಹಳದಿ, ಪಿಂಕು, ಮೊಣಕಾಲೆತ್ತರದ ಕುಳ್ಳ ಜಾತಿ ತಂದು ಮುಂದಿಡ್ತಾರೆ. ಬೇಲಿಗೆ ಅದೂ ಚಂದವೇ, ಆದ್ರೆ ಬೆಟ್ಟದಲ್ಲಿ ತಾನಾಗೇ ಆಗೋ ಕೆಂಪು ಕೇಪಳ, ಹಣ್ಣು ಕಿತ್ತು ಬಾಯಿಗೆ ಹಾಕ್ಕೊಳೋ ಅಂಥದ್ದು, ಚಿಗುರು ಹುರಿದು ತಂಬ್ಳಿ ಮಾಡೋ ಅಂಥದ್ದು ಬೇಕು ಅಂದ್ರೆ ಮಾರೋರೇ ಇಲ್ಲ.

ಈ ನರ್ಸರಿ ಕುಮಟಾದಿಂದ ಸಿರ್ಸಿಗೆ ಹೋಗೋವಾಗ ಘಟ್ಟ ಹತ್ತೋಕೆ ಮುಂಚೆ ಸಿಗತ್ತೆ. ದೊಡ್ಡ ಬೋರ್ಡ್ ಗೀರ್ಡ್ ಏನಿಲ್ಲ, ಗಂಡ-ಹೆಂಡ್ತಿ ಇಬ್ರೇ ನಡೆಸೋದು. ಕಾಡು ಕೇಪಳದ ಕೊಟ್ಟೆ (ಪ್ಲಾಸ್ಟಿಕ್ ಚೀಲದ) ಗಿಡ 40 ರೂಪಾಯಿ, ಎಲ್ಲ ಅವ್ರೇ ಟೊಂಗೆಯಿಂದ ಬೇರು ಬರಿಸಿದ್ದು. ಬೀಜದಿಂದ ಮಾಡಿದ್ರೆ ಹೂ ನೋಡೋಕೆ ವರ್ಷಗಟ್ಲೆ ಕಾಯ್ಬೇಕಲ್ಲ, ಅದ್ಕೆ.

ನನಗೆ ಇಷ್ಟ ಆಗಿದ್ದು ಗಿಡಕ್ಕಿಂತ ಆ ಅಕ್ಕ ಹೇಳಿಕೊಟ್ಟ ರೀತಿ. "ಹೂ ಇದ್ದ ಟೊಂಗೆ ಕೊಯ್ಬೇಡ ತಮಾ, ಪೂರ್ತಿ ಹಸಿರೂ ಬೇಡ, ಕಟ್ಟಿಗೆ ಆಗಿದ್ದೂ ಬೇಡ" ಅಂತ ಬಲಿತಾ ಇರೋ ಟೊಂಗೆ ಒಂದನ್ನ ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದಕ್ಕೆ ಗೆಣ್ಣಿನ ಕೆಳಗೇ ಕತ್ತರಿಸಿ, ಮೇಲಿನ ಒಂದು ಜೊತೆ ಎಲೆ ಬಿಟ್ಟು ಉಳಿದಿದ್ದು ತೆಗೆದು, ಆ ಎಲೆನೂ ಅರ್ಧ ಕತ್ತರಿಸಿ, ಹೊಯ್ಗೆ (ಮರಳು) ಜೊತೆ ದರಕಿನ (ಒಣ ತರಗೆಲೆಯ) ಗೊಬ್ಬರ ಬೆರೆಸಿದ್ದ ಕೊಟ್ಟೇಲಿ ನೆಟ್ಟು ತೋರ್ಸಿದ್ರು. ಮೇಲಿಂದ ಪ್ಲಾಸ್ಟಿಕ್ ಮುಚ್ಚಿ ನೆರಳಲ್ಲಿಟ್ರೆ ಒಂದೂವರೆ-ಎರಡು ತಿಂಗಳಿಗೆ ಬೇರು ಬರತ್ತಂತೆ, ಜೂನ್-ಜುಲೈಲಿ ಮಾಡಿದ್ರೆ ಒಳ್ಳೇದು ಅಂದ್ರು, ಆವಾಗ ಗಾಳೀಲೇ ತೇವ ಇರತ್ತೆ.

ನಮ್ಮನೆ ಮಾಜಾಳಿ ಸಮುದ್ರದ ಹತ್ರ ಅಂದಿದ್ದಕ್ಕೆ ತಕ್ಷಣ ಕೇಳಿದ್ದು "ಮಣ್ಣಲ್ಲಿ ಚಿಪ್ಪು ಇದ್ಯಾ?" ಅಂತ. ಕೇಪಳಕ್ಕೆ ಹುಳಿ ಮಣ್ಣು ಬೇಕು, ಚೀರೆಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಮಣ್ಣಲ್ಲಿ ಅದು ಚೆನ್ನಾಗಿ ಬರೋದು ಅದಕ್ಕೇ, ಚಿಪ್ಪಿನ ಸುಣ್ಣ ಇರೋ ಹೊಯ್ಗೇಲಿ, ಹೊಸ ಸಿಮೆಂಟ್ ಗೋಡೆ ಬುಡದಲ್ಲಿ ನೆಟ್ರೆ ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡ ಎಳ್ಕೊಳಲ್ಲ, ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯತ್ತೆ. ಅದಕ್ಕೆ ಗುಂಡಿ ಅಗಲವಾಗಿ ತೆಗೆದು ಕೆಂಪು ಮಣ್ಣು, ದರಕು ತುಂಬಿ ನೆಡೋಕೆ ಹೇಳಿದ್ರು. ಗಿಡ ಮಾರೋಕೆ ಮುಂಚೆ ನೆಡೋ ಜಾಗ ಹೇಗಿದೆ ಅಂತ ಕೇಳೋ ನರ್ಸರಿ ಎಷ್ಟಿದೆ ಹೇಳಿ!

ಒಂದು ಸ್ಟಾರ್ ಕಟ್ ಮಾಡಿದ್ದು ಎರಡು ಕಾರಣಕ್ಕೆ. ಯಾವ ಗಿಡಕ್ಕೂ ಚೀಟಿ ಇಲ್ಲ, ಹೂ ಇಲ್ದಿರೋ ಟೈಮಲ್ಲಿ ಕಾಡು ಕೇಪಳ ಯಾವ್ದು ಹೈಬ್ರಿಡ್ ಯಾವ್ದು ಅಂತ ಅವ್ರನ್ನೇ ಕೇಳ್ಬೇಕು. ಇನ್ನೊಂದು, ಮಾರೋ ಗಿಡದ ಕೊಟ್ಟೇಲಿ ಬರೀ ಅಂಟು ಮಣ್ಣು ತುಂಬ್ತಾರೆ, ಬಸ್ಸಲ್ಲಿ ತರೋವಾಗ ಹೆಂಟೆ ಒಡೆದು ಬೇರು ಹರಿಯತ್ತೆ, ಮೇಲಿಂದ ಭಾರ ಬೇರೆ.

ಭಾನುವಾರ ಮಧ್ಯಾಹ್ನದ ಮೇಲೆ ಇರಲ್ಲ. ಗೂಗಲ್ ಪೇ ಇದೆ, ನೆಟ್‌ವರ್ಕ್ ಇಲ್ಲ, ಚಿಲ್ರೆ ಇಟ್ಕೊಂಡು ಹೋಗಿ.