ಆರ್‌ಸಿಸಿಬಿ: ಸಾಧನ ಚೆನ್ನಾಗಿದೆ, ಬೈಸಿಕೊಳ್ಳುವುದೂ ಅದೇ

ಕರೆಂಟು ಹಂಚುವ ಹಳೇ ಡಿಬಿ ಬಾಕ್ಸ್ ಬದಲಿಸುವಾಗ ಮನೆಗೆ 40 ಆಂಪ್, 30 ಮಿಲಿಆಂಪ್‌ನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಆರ್‌ಸಿಸಿಬಿ ಹಾಕಿಸಿದೆವು, ಅಂದರೆ ಕರೆಂಟು ಸೋರಿದರೆ ತಾನಾಗಿ ಕಟ್ ಮಾಡುವ ಸ್ವಿಚ್ಚು. ಬೆಲೆ 2,000 ರೂಪಾಯಿ ಆಸುಪಾಸು. ಹ್ಯಾವೆಲ್ಸ್, ಲೆಗ್ರಾಂಡ್, ಷ್ನೈಡರ್, ಯಾವುದೇ ಒಳ್ಳೆ ಕಂಪನಿಯದ್ದಾದರೂ ಕೆಲಸ ಅದೇ, ಹಾಗಾಗಿ ಬ್ರ್ಯಾಂಡ್ ಬಗ್ಗೆ ಜಾಸ್ತಿ ಬರೆಯಲ್ಲ. ಇಷ್ಟಂತೂ ಹೇಳಬಲ್ಲೆ: ತಪ್ಪು ಇರುವುದು ಮನೆಯ ವೈರಿಂಗಿನಲ್ಲಿ, ಬೈಸಿಕೊಳ್ಳುವುದು ಪಾಪ ಈ ಆರ್‌ಸಿಸಿಬಿ.

ಎಂಸಿಬಿ ಇದೆಯಲ್ಲ, ಇದ್ಯಾಕೆ ಅಂತ ಕೇಳುವವರು ತುಂಬಾ ಜನ. ಎಂಸಿಬಿ ಸ್ವಿಚ್ಚು ತಾನಾಗಿ ಬೀಳುವುದು ಓವರ್‌ಲೋಡ್ ಆದಾಗ, ಇಲ್ಲವೇ ಶಾರ್ಟ್ ಆದಾಗ. ಶಾಕ್ ಹೊಡೆದಾಗ ಮೈಯಲ್ಲಿ ಹರಿಯುವ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ನೋಡುವುದು ಬೇರೆ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ. ಅದರಲ್ಲಿ 30 ಮಿಲಿಆಂಪ್ ಬೇರೆ ದಾರಿ ಹಿಡಿದರೆ, ಆ ದಾರಿ ಅರ್ಥ್ ವೈರ್ ಇರಲಿ, ಒದ್ದೆ ಗೋಡೆ ಇರಲಿ, ಸಂಪಿನ ಮೋಟರ್ ಮುಟ್ಟಿದ ಮನುಷ್ಯನೇ ಇರಲಿ, 0.3 ಸೆಕೆಂಡಿನೊಳಗೆ ಕಟ್. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಇದಕ್ಕೆ ಗೊತ್ತೇ ಆಗಲ್ಲ. ಓವರ್‌ಲೋಡೂ ನೋಡಲ್ಲ, ಅದಕ್ಕೆ ಎಂಸಿಬಿ ಬೇಕೇ ಬೇಕು.

ಹಾಕಿಸಿದ ಮೇಲೆ ಶುರುವಾಯ್ತು ನೋಡಿ. ಗೀಸರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಇಡೀ ಮನೆ ಕತ್ತಲು. ಬಂದ ಎಲೆಕ್ಟ್ರಿಷಿಯನ್ "ಪೀಸೇ ಸರಿ ಇಲ್ಲ ಸಾರ್, ಆರ್‌ಸಿಸಿಬಿ ತಪ್ಪಿಸಿ ಡೈರೆಕ್ಟ್ ಕೊಟ್ಬಿಡ್ಲಾ?" ಅಂದರು. ಬೇಡ ಅಂದೆ. ಇನ್ನೊಬ್ಬರನ್ನು ಕರೆಸಿದಾಗ ಅವರು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ನೋಡಿ ಗೀಸರ್ ಕಾಯಿಲ್ ಲೀಕ್ ಇದೆ ಅಂದರು. ಬಿಚ್ಚಿದರೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕಾಯಿಲ್ ಸುತ್ತ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕೆರೆದಾಗ ಕೆಳಗೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಡೈರೆಕ್ಟ್ ಕೊಡಿಸಿದ್ದರೆ ಅದೇ ನೀರಲ್ಲಿ ಸ್ನಾನ ಮಾಡುತ್ತಿದ್ದೆವು ಅಲ್ವಾ?

ಆಮೇಲಿನ ಕಿರಿಕಿರಿ ಯುಪಿಎಸ್‌ದು. ಹಾಲಿನ ಫ್ಯಾನ್ ಹಾಕಿದರೆ ಟ್ರಿಪ್, ಲೀಕ್ ಮಾತ್ರ ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದೇನಂದ್ರೆ, ಯುಪಿಎಸ್‌ಗೆ ಫೇಸ್ ಆರ್‌ಸಿಸಿಬಿಗೆ ಮುಂಚೆಯೇ ತೆಗೆದಿದ್ದರು, ಆ ಫ್ಯಾನು ಲೈಟುಗಳ ನ್ಯೂಟ್ರಲ್ ಮಾತ್ರ ತಂದು ಆರ್‌ಸಿಸಿಬಿ ಆದಮೇಲಿನ ನ್ಯೂಟ್ರಲ್ ಬಾರ್‌ಗೆ ಬಿಗಿದಿದ್ದರು. ಹೋಗಿದ್ದು ಹೊರಗಿಂದ, ಬಂದಿದ್ದು ಒಳಗಿಂದ, ಲೆಕ್ಕ ತಪ್ಪದೆ ಇನ್ನೇನಾಗುತ್ತೆ? ನ್ಯೂಟ್ರಲ್ ಬೇರೆ ಮಾಡಿದ ಮೇಲೆ ಸುಮ್ಮನಾಯಿತು. ಈಗ ಯುಪಿಎಸ್ ಲೈನಿಗೆ ಆರ್‌ಸಿಸಿಬಿ ರಕ್ಷಣೆ ಇಲ್ಲ, ಅದರಲ್ಲಿರುವುದು ಮೇಲಿನ ಫ್ಯಾನು ಲೈಟು ಅಷ್ಟೇ ಅಂತ ಬಿಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಅಡುಗೆಮನೆ ಸಾಕೆಟ್ ಕೂಡ ಯುಪಿಎಸ್‌ನಲ್ಲಿದ್ದರೆ ಹಾಗೆ ಬಿಡಬೇಡಿ, ಅದಕ್ಕೆ ಇನ್ನೊಂದು ಹಾಕಿಸಿ.

ನನ್ನ ದೂರು ಒಂದೇ. ಎಲ್ಲೋ ಮಿಕ್ಸಿ ಲೀಕ್ ಆದರೆ ಫ್ರಿಜ್ಜೂ ಆಫ್, ವೈಫೈಯೂ ಆಫ್. ಅಮೆರಿಕದ ಮನೆಗಳಲ್ಲಿ ಬಚ್ಚಲು, ಸಿಂಕ್ ಹತ್ತಿರದ ಸಾಕೆಟ್‌ನಲ್ಲೇ ಟೆಸ್ಟ್, ರೀಸೆಟ್ ಗುಂಡಿ ಇರುತ್ತವೆ, 5 ಮಿಲಿಆಂಪ್ ಆಸುಪಾಸಿಗೇ ಬೀಳುತ್ತವೆ, ಬೇರೆ ರೂಮಿನ ಕರೆಂಟು ಹೋಗಲ್ಲ. ನಮ್ಮಲ್ಲಿ ಅದೇ ಅನುಕೂಲ ಬೇಕಂದ್ರೆ ಗೀಸರ್‌ಗೂ ಮೋಟರ್‌ಗೂ ಬೇರೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿಸಬೇಕು, ಖರ್ಚು ಜಾಸ್ತಿ, ಆದರೆ ಹೊಸ ಮನೆ ಕಟ್ಟುವವರು ಆಗಲೇ ಮಾಡಿಸಿಕೊಳ್ಳಲಿ.

ಅರ್ಥಿಂಗ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತೆ ಅಂತ ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಅರ್ಥಿಂಗ್ ಸರಿ ಇದ್ದರೆ ಲೀಕ್ ಆದ ತಕ್ಷಣ ಬೀಳುತ್ತೆ, ಇಲ್ಲದಿದ್ದರೆ ನೀವು ಮುಟ್ಟಿದ ಮೇಲೆ. ಆರ್‌ಸಿಸಿಬಿ ಮುಖದ ಮೇಲಿನ 'ಟಿ' (ಟೆಸ್ಟ್) ಗುಂಡಿ ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು, ಬೀಳದಿದ್ದರೆ ಬದಲಿಸಿ. ಅರ್ಥಿಂಗ್ ಸರಿ ಇದೆಯಾ ಅಂತ ಆ ಗುಂಡಿ ಹೇಳಲ್ಲ, ಅದನ್ನು ಬೇರೆಯಾಗಿ ನೋಡಿಸಬೇಕು.

ಕೊಳ್ಳುವಾಗ 30 ಮಿಲಿಆಂಪ್ ಅಥವಾ 0.03 ಅಂತ ಬರೆದಿದೆಯಾ ನೋಡಿ. 100, 300 ಅಂತ ಇರುವುದನ್ನು "ಪದೇಪದೇ ಬೀಳಲ್ಲ" ಅಂತ ಕೊಡುತ್ತಾರೆ. ಅವು ಬೆಂಕಿ ತಪ್ಪಿಸಲು, ಜೀವ ಉಳಿಸಲು ಅಲ್ಲ. ಇನ್ವರ್ಟರ್ ಎಸಿ, ಹೊಸ ವಾಷಿಂಗ್ ಮೆಷಿನ್ ಇದ್ದರೆ ಮಾಮೂಲಿ ಎಸಿ ಕರೆಂಟಿನ ಸೋರಿಕೆ ಮಾತ್ರ ಹಿಡಿಯುವ ಟೈಪ್ ಎಸಿ ಆರ್‌ಸಿಸಿಬಿ ಬದಲು, ಅಂಥ ಎಲೆಕ್ಟ್ರಾನಿಕ್ ಸಾಧನಗಳ ಸೋರಿಕೆಯನ್ನೂ ಹಿಡಿಯುವ ಟೈಪ್ ಎ ಕೇಳಿ ತಗೊಳ್ಳಿ.