ಹೊಳೆಗೆ ಯಾವ ದೋಣಿ ಮೋಟಾರು: ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ, ಉದ್ದ ದಂಡಿನದ್ದೋ?

ಆಲಮಟ್ಟಿ ಹಿನ್ನೀರಿನಲ್ಲಿ ಓಡಾಡುವ ಸಣ್ಣ ಫೈಬರ್ ದೋಣಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ 8 ಎಚ್‌ಪಿಯ ಟೂ ಸ್ಟ್ರೋಕ್ ಮೋಟಾರೇ ಚಲೋ. ಆಯಿಲ್ ಎಂಜಿನಿನೊಳಗೇ ಬೇರೆಯಾಗಿ ಇರುವ 9.9 ಎಚ್‌ಪಿಯ ಫೋರ್ ಸ್ಟ್ರೋಕ್‌ಗೆ ಸದ್ದು ಕಡಿಮೆ, ಹೊಗೆ ಕಡಿಮೆ, ಪೆಟ್ರೋಲೂ ಕಡಿಮೆ. ಅದನ್ನೆಲ್ಲ ಒಪ್ಪಿಯೂ ನನ್ನ ಮತ ಟೂ ಸ್ಟ್ರೋಕಿಗೇ. ಗಾಳಿಯಿಂದ ತಣಿಯುವ ಎಂಜಿನ್ ಕೂರಿಸಿ, ದಂಡಿನ ತುದಿಗೆ ಫ್ಯಾನು (ನೀರು ದೂಡುವ ರೆಕ್ಕೆ) ಹಾಕಿದ ಉದ್ದ ದಂಡಿನ ಮೋಟಾರು ಮೂರನೆಯದು, ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ.

ಮೊದಲು ಭಾರದ ಮಾತು. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿದಾಗ ದೋಣಿ ರಸ್ತೆಯ ಹತ್ತಿರವೇ ನಿಲ್ಲುತ್ತದೆ. ಏಪ್ರಿಲ್ ಹೊತ್ತಿಗೆ ನೀರು ದೂರ ಸರಿದು, ನಡುವೆ ಎರೆಮಣ್ಣಿನ ರಾಡಿ ಉಳಿಯುತ್ತದೆ. ರಾತ್ರಿ ಮೋಟಾರನ್ನು ದೋಣಿಯಲ್ಲೇ ಬಿಟ್ಟುಬರುವ ಧೈರ್ಯ ಯಾರಿಗೂ ಇಲ್ಲ. ಹೆಚ್ಚುಕಡಿಮೆ 27 ಕಿಲೋದ ಟೂ ಸ್ಟ್ರೋಕನ್ನು ಒಬ್ಬನೇ ಹೆಗಲಿಗೇರಿಸಬಹುದು. 40 ಕಿಲೋದ ಫೋರ್ ಸ್ಟ್ರೋಕ್ ಹೊರಲು ಇಬ್ಬರು ಬೇಕು. ಟಂಟಂನಲ್ಲಿ ಹಾಕುವಾಗಲೂ ಫೋರ್ ಸ್ಟ್ರೋಕನ್ನು ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು. ಮಗ್ಗುಲು ತಪ್ಪಿದರೆ ಆಯಿಲ್ ಸಿಲಿಂಡರಿಗೆ ಇಳಿದು, ಮರುದಿನ ಹಗ್ಗ ಎಳೆದರೂ ಬರುವುದಿಲ್ಲ. ಟೂ ಸ್ಟ್ರೋಕ್‌ಗೆ ಆ ಕಟ್ಟುಪಾಡಿಲ್ಲ. ತಲೆಭಾಗ ಎತ್ತರಕ್ಕಿದ್ದು, ಒಳಗುಳಿದ ನೀರು ಎಂಜಿನಿಗೆ ಇಳಿಯದಿದ್ದರೆ ಸಾಕು.

ಇನ್ನು ತಣಿಸುವ ನೀರಿನ ಕಾಟ. ಇದು ನೀರಿನಿಂದ ತಣಿಯುವ ಎರಡಕ್ಕೂ ಇದೆ, ಇಲ್ಲಿನ ಮೋಟಾರುಗಳು ಹೆಚ್ಚಾಗಿ ಸಾಯುವುದೂ ಇದರಿಂದಲೇ. ಮೋಟಾರಿನ ಕೆಳಗಿನ ಜಾಲರಿಯಿಂದ ಹೊಳೆಯ ನೀರು ಒಳಗೆ ಹೋಗುತ್ತದೆ. ರಬ್ಬರಿನ ಇಂಪೆಲ್ಲರ್ ಅದನ್ನು ಮೇಲಕ್ಕೆ ದೂಡುತ್ತದೆ. ಎಂಜಿನ್ ತಣಿಸಿದ ನೀರಿನಲ್ಲಿ ಒಂದು ಪಾಲು ಹಿಂಬದಿಯ ಸಣ್ಣ ತೂತಿನಿಂದ ಪಿಚಕಾರಿಯಂತೆ ಚಿಮ್ಮುತ್ತದೆ. ಮಳೆಗಾಲದ ಕೃಷ್ಣೆಯ ಕೆಂಪು ನೀರಿನಲ್ಲಿ ಮರಳು, ಗೋಡು ತುಂಬಿರುತ್ತದೆ. ಮರಳು ಇಂಪೆಲ್ಲರಿನ ರೆಕ್ಕೆ ಸವೆಸಿದರೆ, ಗೋಡು ದಾರಿ ಮುಚ್ಚುತ್ತದೆ. ಚಿಕ್ಕ ಟೂ ಸ್ಟ್ರೋಕ್‌ಗಳಲ್ಲಿ ಬಹಳಷ್ಟಕ್ಕೆ ಬಿಸಿಯಾದರೆ ಕೂಗುವ ಬಜರ್ ಇರುವುದಿಲ್ಲ. ಆ ಪಿಚಕಾರಿಯ ಮೇಲೆ ಕಣ್ಣಿಡುವುದೊಂದೇ ದಾರಿ.

ಪಿಚಕಾರಿ ಸಣ್ಣಗಾದರೆ ಕೂಡಲೇ ಎಂಜಿನ್ ವೇಗ ಇಳಿಸಿ, ದಂಡೆ ಹಿಡಿದು, ಆರಿಸಿ. ಮೊದಲು ಆ ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ ನೋಡಿ. ಎಷ್ಟೋ ಸಲ ರಾಡಿ ಅಲ್ಲೇ ಕಟ್ಟಿರುತ್ತದೆ. ಆಮೇಲೆ ಜಾಲರಿಗೆ ಅಂತರಗಂಗೆಯ ಬೇರೋ ಪ್ಲಾಸ್ಟಿಕ್ ಚೀಲವೋ ಅಂಟಿದೆಯೇ ನೋಡಿ. ಎರಡೂ ಸರಿ ಇದ್ದರೆ ಪಂಪೇ ಬಿಚ್ಚಬೇಕು. ಗೇರ್‌ಕೇಸಿನ (ಫ್ಯಾನು ಇರುವ ಕೆಳಭಾಗದ) ಬೋಲ್ಟು ಸಡಿಲಿಸಿ, ಗೇರ್ ದಂಡಿನ ಜೋಡಣೆ ಕಳಚಿ, ಕೆಳಭಾಗ ಇಳಿಸಿದರೆ ಪಂಪು ಕಾಣುತ್ತದೆ. ಹೊಸ ಇಂಪೆಲ್ಲರಿಗೆ ಸೋಪಿನ ನೀರು ಸವರಿ, ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಶಾಫ್ಟ್ ತಿರುಗಿಸುತ್ತ ಕೂರಿಸಿ, ರೆಕ್ಕೆಗಳೆಲ್ಲ ಒಂದೇ ಕಡೆ ಬಾಗಬೇಕು. ಶಾಫ್ಟಿನ ಚಿಕ್ಕ ಕೀಲಿ ರಾಡಿಯಲ್ಲಿ ಬಿದ್ದರೆ ಸಿಕ್ಕಿತೆಂದು ನಂಬಬೇಡಿ, ಕೆಳಗೆ ತಾಡಪತ್ರಿ ಹಾಸಿಯೇ ಕೆಲಸ ಶುರುಮಾಡಿ. ಪಂಪಿನ ಕೆಲಸ ಎರಡರಲ್ಲೂ ಒಂದೇ ಬಗೆ. ಹಗುರವಾದ ಟೂ ಸ್ಟ್ರೋಕನ್ನು ಮಾತ್ರ ದಂಡೆಯಲ್ಲೇ ಮಲಗಿಸಿ ಮುಗಿಸಬಹುದು.

ಕೆಂಪು ನೀರಿನಲ್ಲಿ ಓಡಿಸಿದ ದಿನ ಮನೆಗೆ ಬಂದು ಡ್ರಮ್ಮಿನಲ್ಲಿ ತೊಳೆಯಲೇಬೇಕು. ಫ್ಯಾನು ಬಿಚ್ಚಿಟ್ಟು, ಜಾಲರಿ ಪೂರ್ತಿ ಮುಳುಗುವಷ್ಟು ಸ್ವಚ್ಛ ನೀರು ತುಂಬಿ, ನ್ಯೂಟ್ರಲ್‌ನಲ್ಲಿ 10 ನಿಮಿಷ ನಿಧಾನ ಓಡಿಸಿ. ಇಂಪೆಲ್ಲರ್ ಚಲೋ ಕಂಡರೂ ವರ್ಷಕ್ಕೊಮ್ಮೆ ಬದಲಿಸಿ.

ಉದ್ದ ದಂಡಿನ ಮೋಟಾರಿಗೆ ಈ ಪಂಪೇ ಇಲ್ಲ, ರಾಡಿಯಲ್ಲೂ ಓಡುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಲೆ ಬಿಡುವವರಿಗೆ ಅದೇ ಸರಿ. ಸೆಳವಿಗೆ ಮಾತ್ರ ಬೇಡ. ಅಗ್ಗದವುಗಳಿಗೆ ನ್ಯೂಟ್ರಲ್ಲೂ ಇಲ್ಲ, ರಿವರ್ಸೂ ಇಲ್ಲ. ದೋಣಿಯ ಹಿಂದೆ ಬಯಲಲ್ಲಿ ತಿರುಗುವ ಫ್ಯಾನು ಪಕ್ಕದ ದೋಣಿಯವನ ಕೈಕಾಲಿಗೂ ಕಂಟಕ.

ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಹೊಳೆಗೆ ನೀರು ಬಿಟ್ಟಾಗ ದಾಟಲೇಬೇಕಾದರೆ ಮೂತಿಯನ್ನು ಸೆಳವಿಗೆ ಎದುರಾಗಿ ಓರೆ ಹಿಡಿದು, ದೋಣಿಯನ್ನು ಅಡ್ಡಕ್ಕೆ ಸರಿಸಿಕೊಂಡು ಹೋಗಿ. ಸೇತುವೆ ಕಂಬದ ಮೇಲ್ಗಡೆಯಾಗಲಿ, ಹಿಪ್ಪರಗಿ ಬ್ಯಾರೇಜಿನ ಗೇಟುಗಳ ಮೇಲ್ಗಡೆಯಾಗಲಿ ಎಂಜಿನ್ ಆರಿದರೆ ಉಳಿಗಾಲವಿಲ್ಲ, ಆ ಕಡೆ ಸುಳಿಯಲೇಬೇಡಿ. ಬೇರೆಡೆ ಆರಿದರೆ ಲಂಗರನ್ನು ಮೂತಿಯಿಂದಲೇ ಬಿಡಿ. ಹಿಂಬದಿಯಿಂದ ಬಿಟ್ಟರೆ ಸೆಳವು ಮೋಟಾರಿನ ಕಡೆಯಿಂದ ದೋಣಿ ತುಂಬಿಸುತ್ತದೆ. ಹಗ್ಗ ಆಳದ ಐದು ಪಟ್ಟಾದರೂ ಇರಲಿ. ತೇಲಿಬಂದ ಮರ ಸಿಕ್ಕಿಕೊಂಡರೆ ಹಗ್ಗ ಕತ್ತರಿಸಲು ಚಾಕು ಕೈಗೆಟುಕುವಂತಿರಬೇಕು.

ಆಷಾಢದ ಗಾಳಿಗೆ ಹಿನ್ನೀರಿನ ಅಗಲದಲ್ಲಿ ತೆರೆ ಎದ್ದಾಗ ಓರೆಯಾಗಿ ಏರಿ, ತೆರೆಯ ತಲೆ ಮೇಲೆ ಬಂದಾಗ ಥ್ರಾಟಲ್ ಇಳಿಸಿ. ಇಲ್ಲವಾದರೆ ಫ್ಯಾನು ಗಾಳಿಯಲ್ಲಿ ಸುಮ್ಮನೆ ಗಿರಗಟ್ಟುತ್ತದೆ. ನೀವು ಬಿದ್ದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರ ಮಣಿಕಟ್ಟಿಗಿರಲಿ, ಮೈಮೇಲೆ ಲೈಫ್ ಜಾಕೆಟ್ ಇರಲಿ.

ಮುಳುಗಿದ ಹಳೇ ಗೋಡೆ, ಜಾಲಿ ಬೊಡ್ಡೆಗಳ ಮೇಲೆ ಹೋಗುವಾಗ ಮೋಟಾರು ಮೇಲೇಳದಂತೆ ಹಿಡಿಯುವ ಟಿಲ್ಟ್ ಲಾಕ್ ಬಿಚ್ಚಿರಲಿ, ತಾಗಿದರೆ ಮೋಟಾರು ಮೇಲಕ್ಕೆ ಹಾರಿ ಗೇರ್‌ಕೇಸು ಉಳಿಯುತ್ತದೆ. ರಿವರ್ಸ್ ಹಾಕುವಾಗ ಮಾತ್ರ ಲಾಕ್ ಬೇಕು.

ಟೂ ಸ್ಟ್ರೋಕಿನ ಖರ್ಚು ಆಯಿಲಿನಲ್ಲಿದೆ. 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಕೇಳುವ ಮೋಟಾರಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಹಳೇ ಬೈಕಿನ 2ಟಿ ಆಯಿಲ್ ಸುರಿಯಬೇಡಿ, ನೀರಿನಿಂದ ತಣಿಯುವ ದೋಣಿ ಮೋಟಾರಿಗೆಂದೇ ಮಾಡಿದ, ಟಿಸಿ-ಡಬ್ಲ್ಯೂ3 ಎಂದು ಬರೆದಿದ್ದೇ ಬೇಕು. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಎರಡು ವಾರ ನಿಲ್ಲಿಸುವುದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿ.

ಕೂಡಲಸಂಗಮದ ಕಡೆ ದಿನವಿಡೀ ಜನರನ್ನು ಸುತ್ತಾಡಿಸುವವರು ಫೋರ್ ಸ್ಟ್ರೋಕೇ ತಗೊಳ್ಳಲಿ, ಪೆಟ್ರೋಲಿನ ಉಳಿತಾಯ ಅವರಿಗೆ ಗಿಟ್ಟುತ್ತದೆ. ಬೆಳಿಗ್ಗೆ ಬಲೆಗೆ, ಸಂಜೆ ಆಚೆ ದಂಡೆಗೆ ಹೋಗುವ ನಮ್ಮಂಥವರಿಗೆ ಟೂ ಸ್ಟ್ರೋಕ್ ಸಾಕು, ಅದೂ ಹಳೆಯದೇ ಕೈಗೆಟುಕುವುದು. ಕೊಳ್ಳುವ ಮೊದಲು ಗೇರ್‌ಕೇಸಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದೆರಡು ಹನಿ ಆಯಿಲ್ ಅಂಗೈಗೆ ಬಿಟ್ಟುಕೊಳ್ಳಿ. ಹಾಲಿನಂತೆ ಬೆಳ್ಳಗಿದ್ದರೆ ಫ್ಯಾನಿನ ಹಿಂದೆ ಬಲೆದಾರ ಸುತ್ತಿ ಸೀಲು ಕೊಯ್ದಿರುವ ಸಾಧ್ಯತೆ ಹೆಚ್ಚು. ಆ ರಿಪೇರಿಯ ದುಡ್ಡು ಕಳೆದೇ ರೇಟು ಮಾತಾಡಿ.